ರನ್‌ವೇಯ ಭಾರ ತಾಳುವ ಶಕ್ತಿ: ಕಂಪ್ಯೂಟರ್ ಲೆಕ್ಕಾಚಾರದ ಕುರಿತು ಮಾಹಿತಿ

ರನ್‌ವೇ ಸಾಕಷ್ಟು ಉದ್ದವಾಗಿದ್ದ ಮಾತ್ರಕ್ಕೆ ಅಲ್ಲಿ ದೊಡ್ಡ ವಿಮಾನ ಇಳಿಯಬಹುದೆಂದು ಭಾವಿಸತಕ್ಕದ್ದಲ್ಲ. ಮೇಲಿನ ಡಾಂಬರು ಅಥವಾ ಕಾಂಕ್ರೀಟ್, ಅದರ ಕೆಳಗಿನ ಜಲ್ಲಿ ಹಾಗೂ ತಳಮಣ್ಣು ಆ ಭಾರವನ್ನು ಎಷ್ಟು ಕಾಲ ತಾಳಬಲ್ಲವು ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ.

1940ರ ದಶಕದಿಂದ ಈ ಲೆಕ್ಕವನ್ನು ಅಮೆರಿಕದ ಸೇನಾ ಎಂಜಿನಿಯರುಗಳು ರೂಪಿಸಿದ ನಕ್ಷೆಗಳ ಆಧಾರದ ಮೇಲೆ ಮಾಡಲಾಗುತ್ತಿತ್ತು. ಪ್ರತಿ ಮುಖ್ಯ ಕಾಲಿಗೆ ಆರು ಚಕ್ರಗಳಿರುವ ಬೋಯಿಂಗ್ 777 ವಿಮಾನಕ್ಕೆ ಸದರಿ ವಿಧಾನವು ಅಗತ್ಯಕ್ಕಿಂತ ಹೆಚ್ಚು ದಪ್ಪವನ್ನು ಸೂಚಿಸುತ್ತಿದ್ದುದರಿಂದ, ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ 1995ರಲ್ಲಿ ಕಂಪ್ಯೂಟರ್ ವಿಧಾನವನ್ನು ಜಾರಿಗೆ ತಂದಿತು. 1999ರಲ್ಲಿ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ ಬಳಿ 900 ಅಡಿ ಉದ್ದದ ಪರೀಕ್ಷಾ ಪಥವನ್ನು ಆರಂಭಿಸಿ, ವಿಮಾನದ ಚಕ್ರಗಳಷ್ಟೇ ಭಾರವನ್ನು ಅದರ ಮೇಲೆ ಉರುಳಿಸಿ, ಮಾದರಿಯನ್ನು ತಿದ್ದಲಾಯಿತು. ಅದರ ಫಲವಾದ ಫಾರ್‌ಫೀಲ್ಡ್ ತಂತ್ರಾಂಶವು ಉಚಿತವಾಗಿ ಲಭ್ಯವಿದೆ.

ಡಾಂಬರಿನ ರನ್‌ವೇಯಲ್ಲಿ ತಳಮಣ್ಣಿನ ಮೇಲ್ಭಾಗ ಎಷ್ಟು ಕುಗ್ಗುತ್ತದೆ, ಕಾಂಕ್ರೀಟಿನಲ್ಲಿ ಹಲಗೆಯ ಅಂಚಿನ ಕೆಳಭಾಗ ಎಷ್ಟು ಎಳೆತಕ್ಕೊಳಗಾಗುತ್ತದೆ ಎಂಬುದು ಮಾದರಿಯ ಮುಖ್ಯ ಲೆಕ್ಕ. ಒಟ್ಟು ತೂಕಕ್ಕಿಂತ ಚಕ್ರಗಳ ಸಂಖ್ಯೆ ಮತ್ತು ಜೋಡಣೆಯೇ ಇಲ್ಲಿ ಮುಖ್ಯ. ಏರ್‌ಬಸ್ ಎ380 ಸುಮಾರು 575 ಟನ್, ಬೋಯಿಂಗ್ 777-300ಇಆರ್ ಸುಮಾರು 351 ಟನ್ ತೂಗಿದರೂ, ಮೊದಲನೆಯದಕ್ಕೆ 20, ಎರಡನೆಯದಕ್ಕೆ 12 ಮುಖ್ಯ ಚಕ್ರಗಳಿರುವುದರಿಂದ ಎರಡರಲ್ಲಿಯೂ ಒಂದೊಂದು ಚಕ್ರಕ್ಕೆ ಬೀಳುವ ಭಾರ ಸುಮಾರು 27 ಟನ್.

ಪ್ರತಿ ವಿಮಾನವೂ ರನ್‌ವೇಯ ಆಯುಷ್ಯದ ಒಂದಂಶವನ್ನು ಸವೆಸುತ್ತದೆ. ಎಲ್ಲ ವಿಮಾನಗಳ ಅಂಶಗಳನ್ನು ಕೂಡಿ ಬಂದ ಮೊತ್ತವು 1 ಆದಾಗ ಆಯುಷ್ಯ ಮುಗಿದಂತೆ. ಲೆಕ್ಕಪತ್ರ ಬಲ್ಲವರು ಇದನ್ನು ಸವಕಳಿಗೆ ಹೋಲಿಸಬಹುದು. ಆದರೆ ಇಲ್ಲಿ ಸವಕಳಿಯು ವರ್ಷಕ್ಕೆ ತಕ್ಕಂತೆ ಅಲ್ಲ, ಬಳಕೆಗೆ ತಕ್ಕಂತೆ ಏರುತ್ತದೆ.

ತಳಮಣ್ಣಿನ ಬಲವನ್ನು ಮಾತ್ರ ಮನುಷ್ಯರೇ ಪರೀಕ್ಷಿಸಿ ನಮೂದಿಸಬೇಕು. ಬೇಸಿಗೆಯ ಒಣಮಣ್ಣಿನ ಅಂಕಿಯನ್ನು ನಮೂದಿಸಿದರೂ ಕಂಪ್ಯೂಟರ್ ಆಕ್ಷೇಪಿಸದೆ ಉತ್ತರ ನೀಡುತ್ತದೆ. ಮಳೆಗಾಲದಲ್ಲಿ ನೀರು ಹೀರಿದ ಮಣ್ಣು ಆ ಉತ್ತರಕ್ಕೆ ಬದ್ಧವಾಗಿರುವುದಿಲ್ಲ.

ಅರ್ಜಿದಾರರ ಗಮನಕ್ಕೆ: ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಹೊಸ ಪದ್ಧತಿಯು 28 ನವೆಂಬರ್ 2024ರಿಂದ ಅನ್ವಯವಾಗಿದೆ. ಅದರಂತೆ ವಿಮಾನಕ್ಕೆ ಎ.ಸಿ.ಆರ್., ರನ್‌ವೇಗೆ ಪಿ.ಸಿ.ಆರ್. ಎಂಬ ಅಂಕಿಗಳಿದ್ದು, ಮೊದಲನೆಯದು ಎರಡನೆಯದನ್ನು ಮೀರದಿದ್ದಲ್ಲಿ ಭಾರದ ದೃಷ್ಟಿಯಿಂದ ನಿರ್ಬಂಧವಿರುವುದಿಲ್ಲ. ಪಿ.ಸಿ.ಆರ್. ಸಂಕೇತದ ಕೊನೆಯ ಅಕ್ಷರ ‘ಟಿ’ ಆಗಿದ್ದರೆ ಆ ಅಂಕಿ ತಾಂತ್ರಿಕ ಪರೀಕ್ಷೆಯಿಂದ ಬಂದದ್ದು; ‘ಯು’ ಆಗಿದ್ದರೆ ಅಲ್ಲಿ ಈವರೆಗೆ ಇಳಿದ ವಿಮಾನಗಳ ಅನುಭವದಿಂದ ಬಂದದ್ದು. ಅಪರೂಪಕ್ಕೆ ಶೇ. 10ರವರೆಗಿನ ಹೆಚ್ಚುವರಿಗೆ ಅವಕಾಶವಿದ್ದರೂ, ಬಿರುಕುಬಿಟ್ಟ ರನ್‌ವೇಯಲ್ಲಿ ಅಥವಾ ತಳಮಣ್ಣು ನೀರಿನಿಂದ ದುರ್ಬಲಗೊಂಡಿರಬಹುದಾದ ಅವಧಿಯಲ್ಲಿ ಇದನ್ನು ಕೋರತಕ್ಕದ್ದಲ್ಲ. ಭಾರತದ ರನ್‌ವೇಗಳ ಅಂಕಿಗಳನ್ನು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಹೊರಡಿಸುವ ವೈಮಾನಿಕ ಮಾಹಿತಿ ಪ್ರಕಟಣೆಯಲ್ಲಿ ನೋಡಬಹುದಾಗಿದೆ.