ಜಪಾನಿನಲ್ಲಿ ವಿದೇಶಿ ವಿದ್ಯಾರ್ಥಿಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಂದಿನವರೆಗೆ ಓದಲೆಂದು ಜಪಾನಿಗೆ ಬಂದ ಪರದೇಶದವರ ಮತ್ತು ಅವರಿಗೆ ನೆಲೆಕೊಟ್ಟ ಊರುಗಳ ಚರಿತ್ರೆಯಿದು. ಅವರನ್ನು ಕರೆಸುವ, ನಿಲ್ಲಿಸುವ, ಹೊರಗಟ್ಟುವ ತೀರ್ಮಾನಗಳು ಬಹುಮಟ್ಟಿಗೆ ಟೋಕಿಯೊದ ಕಚೇರಿಗಳಲ್ಲಿ ಆದವು. ದಿನನಿತ್ಯ ಸಂಭಾಳಿಸಿದವರು ಮಾತ್ರ ವಸತಿಗೃಹದ ಒಡತಿಯರು, ಹಳ್ಳಿಯ ವೈದ್ಯರು, ಬೌದ್ಧ ದೇವಾಲಯಗಳು, ಈಚೆಗೆ ಪುರಸಭೆಗಳು.

1881ರಲ್ಲಿ ಕೊರಿಯಾದ ಯು ಕಿಲ್-ಚುನ್, ಫುಕುಜಾವಾ ಯುಕಿಚಿ ಸ್ಥಾಪಿಸಿದ್ದ ಕೇಯೊ ಶಾಲೆಗೆ ಸೇರಿದ. ದೊಡ್ಡ ಪ್ರವಾಹ ಹರಿದದ್ದು ಚೀನದಿಂದ. 1894-95ರ ಯುದ್ಧದಲ್ಲಿ ಜಪಾನಿಗೆ ಸೋತ ಚಿಂಗ್ ಸರ್ಕಾರ, ಗೆದ್ದವರಿಂದಲೇ ಕಲಿಯೋಣವೆಂದು 1896ರಲ್ಲಿ 13 ಯುವಕರನ್ನು ಕಳಿಸಿತು. ಅವರ ಹೊಣೆ ಹೊತ್ತವರು ಜೂಡೊ ಕಲೆಯ ಜನಕ ಕಾನೊ ಜಿಗೊರೊ. ಬೀದಿಯ ಹುಡುಗರು ಅವರ ಜಡೆ ನೋಡಿ ಗೇಲಿ ಮಾಡುತ್ತಿದ್ದರು, ಊಟವೂ ಒಗ್ಗಲಿಲ್ಲ; ಕೆಲವರು ಬೇಗನೆ ಊರಿಗೆ ಮರಳಿದರು. ಆದರೂ ಬರುವವರು ನಿಲ್ಲಲಿಲ್ಲ. 1905ರಲ್ಲಿ ಚೀನ ತನ್ನ ಹಳೆಯ ಅಧಿಕಾರಿ ಪರೀಕ್ಷೆಗಳನ್ನು ರದ್ದುಮಾಡಿದಾಗ ನೌಕರಿಗೆ ಹೊಸ ದಾರಿ ಹುಡುಕಿ ಹೊರಟವರ ಸಂಖ್ಯೆ ಸಾವಿರಗಳಿಗೆ ಏರಿತು. ಅದೇ ವರ್ಷದ ಕೊನೆಯಲ್ಲಿ ಜಪಾನ್ ಸರ್ಕಾರ ಇವರ ಮೇಲೆ ಕಟ್ಟುಪಾಡು ಹೇರಿತು. ಅದರ ಬೆನ್ನಲ್ಲೇ ಚೆನ್ ತಿಯಾನ್‌ಹ್ವಾ ಎಂಬ ವಿದ್ಯಾರ್ಥಿ ಓಮೊರಿಯಲ್ಲಿ ಸಮುದ್ರಕ್ಕೆ ಹಾರಿ ಪ್ರಾಣ ಬಿಟ್ಟ. ನೂರಾರು ಮಂದಿ ತಾಯ್ನಾಡಿಗೆ ಹಿಂದಿರುಗಿದರು.

ಆ ತಲೆಮಾರಿನ ಲು ಶುನ್ 1904ರಲ್ಲಿ ವೈದ್ಯಕೀಯ ಓದಲು ಸೆಂದಾಯ್ ನಗರಕ್ಕೆ ಹೋದರು. ಅಲ್ಲಿನ ಅಂಗರಚನಾಶಾಸ್ತ್ರದ ಉಪಾಧ್ಯಾಯ ಫುಜಿನೊ ಗೆನ್‌ಕುರೊ ತಮ್ಮ ಈ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿಕೊಡುತ್ತಿದ್ದರು. ಲು ಶುನ್ ವೈದ್ಯರಾಗಲಿಲ್ಲ, ಸಾಹಿತಿಯಾದರು. ಗುರುವನ್ನು ನೆನೆದು ಪ್ರಬಂಧ ಬರೆದರು. ಮುಂದೆ 1983ರಲ್ಲಿ ಫುಜಿನೊ ಅವರ ಊರಾದ ಅವಾರಾ ಮತ್ತು ಲು ಶುನ್ ಹುಟ್ಟಿದ ಷಾವೊಶಿಂಗ್ ಸ್ನೇಹನಗರಗಳಾದವು.

ವಿಯೆಟ್ನಾಮಿನ ಪ್ರಸಂಗ ಇನ್ನೂ ಕಹಿಯಾದದ್ದು. ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಫಾನ್ ಬೋಯ್ ಚಾವ್ 1905ರಿಂದ ಗುಟ್ಟಾಗಿ ಸುಮಾರು 200 ಯುವಕರನ್ನು ಜಪಾನಿಗೆ ಕರೆತಂದರು. 1907ರಲ್ಲಿ ಜಪಾನ್ ಫ್ರಾನ್ಸಿನೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಮೇಲೆ ಗುಂಪನ್ನು ಚದುರಿಸಿ, 1909ರಲ್ಲಿ ಫಾನ್ ಅವರನ್ನೂ ಗಡೀಪಾರು ಮಾಡಿತು. ಕೈ ಬರಿದಾಗಿದ್ದ ಆ ದಿನಗಳಲ್ಲಿ ಅವರಿಗೆ 1,700 ಯೆನ್ ಕಳಿಸಿದವರು ಅಸಾಬಾ ಸಾಕಿತಾರೊ ಎಂಬ ವೈದ್ಯರು. 1918ರಲ್ಲಿ ಫಾನ್ ಮತ್ತೆ ಬಂದಾಗ ಅಸಾಬಾ ತೀರಿಕೊಂಡಿದ್ದರು. ಷಿಜುವೊಕಾ ಪ್ರಾಂತದಲ್ಲಿದ್ದ ಅವರ ಹಳ್ಳಿಯಲ್ಲಿ ಸ್ಮಾರಕಶಿಲೆ ನಿಲ್ಲಿಸಲು ಫಾನ್ ಬಳಿಯಿದ್ದ ಹಣ ಸಾಲಲಿಲ್ಲ. ಊರವರೇ ಉಳಿದದ್ದನ್ನು ಭರಿಸಿ, ಮೈಮುರಿದು ದುಡಿದು ಕಲ್ಲು ನಿಲ್ಲಿಸಿದರು. ಅಲ್ಲಿನ ಜೋರಿಂಜಿ ದೇವಾಲಯದ ಅಂಗಳದಲ್ಲಿ ಅದು ಈಗಲೂ ಇದೆ.

ಎರಡನೆಯ ಮಹಾಯುದ್ಧದಲ್ಲಿ ಜಪಾನ್ ತಾನು ಆಕ್ರಮಿಸಿದ ಆಗ್ನೇಯ ಏಷ್ಯಾದಿಂದ 'ದಕ್ಷಿಣದ ವಿಶೇಷ ವಿದ್ಯಾರ್ಥಿಗಳು' ಎಂಬ ಹೆಸರಿನಲ್ಲಿ ಸುಮಾರು 200 ಯುವಕರನ್ನು 1943-44ರಲ್ಲಿ ಕರೆಸಿತು. ತನ್ನ ಪರವಾದ ಆಡಳಿತಗಾರರನ್ನು ತಯಾರು ಮಾಡಿಕೊಳ್ಳುವುದು ಉದ್ದೇಶ. ಇದನ್ನು ಸಾಂಸ್ಕೃತಿಕ ವಿನಿಮಯ ಎನ್ನಲು ನಾಲಗೆ ಹೊರಳದು. ಅವರಲ್ಲಿ ಕೆಲವರು 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿದ್ದರು. ಬದುಕುಳಿದವರು ವಿಶ್ವವಿದ್ಯಾಲಯದ ಬಯಲಿನಲ್ಲಿ ಸ್ಥಳೀಯ ಗಾಯಾಳುಗಳ ಜೊತೆ ದಿನ ಕಳೆದರು, ಇದ್ದ ಅನ್ನ ಹಂಚಿಕೊಂಡರು. ಮಲಯದ ನಿಕ್ ಯೂಸುಫ್ ಮತ್ತು ಸೈಯದ್ ಒಮರ್ ಬಾಂಬಿಗೆ ಬಲಿಯಾದರು. ಒಮರ್ ಕೊನೆಯುಸಿರೆಳೆದದ್ದು ಕ್ಯೋಟೊದ ಆಸ್ಪತ್ರೆಯಲ್ಲಿ. ಅವರ ಗೋರಿ ಎಂಕೋಜಿ ಎಂಬ ಬೌದ್ಧ ದೇವಾಲಯದಲ್ಲಿ, ಇಸ್ಲಾಮೀ ರೀತಿಯಲ್ಲಿಯೇ ಇದೆ. ಉಳಿದವರ ಪೈಕಿ ಬ್ರೂನೈಯ ಪೆಂಗಿರಾನ್ ಯೂಸುಫ್ ತಮ್ಮ ದೇಶದ ಮುಖ್ಯಮಂತ್ರಿಯಾದರು. ಅದರ ರಾಷ್ಟ್ರಗೀತೆಯ ಸಾಹಿತ್ಯವೂ ಅವರದೇ.

ಸೋತ ಜಪಾನ್ 1954ರಲ್ಲಿ ಸರ್ಕಾರಿ ವಿದ್ಯಾರ್ಥಿವೇತನ ಆರಂಭಿಸಿತು. 1957ರಲ್ಲಿ ಹೊಝುಮಿ ಗೊಯಿಚಿ ಏಷ್ಯಾ ವಿದ್ಯಾರ್ಥಿಗಳ ಸಾಂಸ್ಕೃತಿಕ ಸಂಘ ಕಟ್ಟಿದರು. ಅದರ ಟೋಕಿಯೊ ಹಾಸ್ಟೆಲಿನಲ್ಲಿ ಪರದೇಶದವರೂ ಜಪಾನಿ ವಿದ್ಯಾರ್ಥಿಗಳೂ ಕೂಡಿ ಬಾಳಿದರು. ಸರ್ಕಾರ ಕಣ್ಣು ತೆರೆಯಲು ಹೊರಗಿನ ಏಟು ಬೇಕಾಯಿತು. 1972ರಲ್ಲಿ ಥಾಯ್ ವಿದ್ಯಾರ್ಥಿಗಳು ತಮ್ಮ ದೇಶದಲ್ಲಿ ಜಪಾನಿ ಸರಕನ್ನು ಬಹಿಷ್ಕರಿಸಿದರು. 1974ರ ಜನವರಿಯಲ್ಲಿ ಪ್ರಧಾನಿ ತನಾಕಾ ಜಕಾರ್ತಕ್ಕೆ ಹೋದಾಗ ನಗರದಲ್ಲಿ ಜಪಾನ್ ವಿರೋಧಿ ದೊಂಬಿಯಾಯಿತು. ಅದೇ ವರ್ಷ ಆಗ್ನೇಯ ಏಷ್ಯಾದ ಯುವಕರ ಹಡಗು ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಬಂದವರು ಜಪಾನಿ ಕುಟುಂಬಗಳಲ್ಲಿ ಅತಿಥಿಗಳಾಗಿ ತಂಗುತ್ತಿದ್ದರು. ಚಪ್ಪಲಿ ಎಲ್ಲಿ ಬಿಡಬೇಕು, ಸ್ನಾನದ ತೊಟ್ಟಿಗೆ ಇಳಿಯುವ ಮುನ್ನ ಮೈ ತೊಳೆಯಬೇಕು ಎಂಬಂಥ ಪಾಠ ಕೈಪಿಡಿಗಿಂತ ಮನೆಯಜ್ಜಿಯಿಂದ ಬೇಗ ತಲೆಗೆ ಹತ್ತುತ್ತದೆ.

1983ರಲ್ಲಿ ಸುಮಾರು 10,000 ವಿದೇಶಿ ವಿದ್ಯಾರ್ಥಿಗಳಿದ್ದರು. ಪ್ರಧಾನಿ ನಕಸೋನೆ ಒಂದು ಲಕ್ಷದ ಗುರಿ ಹಾಕಿಕೊಟ್ಟರು, ಅದು 2003ರಲ್ಲಿ ಕೈಗೂಡಿತು. 2008ರ ಮೂರು ಲಕ್ಷದ ಗುರಿಯನ್ನೂ 2019ರ ಹೊತ್ತಿಗೆ ದಾಟಲಾಯಿತು. ಈ ಏರಿಕೆಯಲ್ಲಿ ಸ್ನೇಹ ಎಷ್ಟು, ದುಡಿಯುವ ಕೈಗಳ ಕೊರತೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ವಾರಕ್ಕೆ 28 ಗಂಟೆ ದುಡಿಯುವ ಅನುಮತಿಯುಳ್ಳ ವಿದ್ಯಾರ್ಥಿಗಳಿಲ್ಲದೆ ನಗರಗಳ ಅನೇಕ ದಿನಸಿ ಅಂಗಡಿಗಳು ರಾತ್ರಿಪಾಳಿ ನಡೆಸಲಾರವು. ಇಂದು ಚೀನದವರ ನಂತರದ ಸ್ಥಾನ ನೇಪಾಳಿಗಳದು.

ರಾಜಧಾನಿಯಿಂದ ದೂರದ ಊರುಗಳಿಗೂ ವಿದ್ಯಾರ್ಥಿ ಬೇಕಾದ. ಹೊಕ್ಕೈಡೊದ ಹಿಗಾಶಿಕಾವಾ ಸುಮಾರು 8,000 ಜನರ ಪಟ್ಟಣ. 2015ರಲ್ಲಿ ಅದು ಹಳೆಯ ಪ್ರಾಥಮಿಕ ಶಾಲೆಯ ಕಟ್ಟಡದಲ್ಲಿ ದೇಶದ ಮೊದಲ ಪುರಸಭಾ ಜಪಾನಿ ಭಾಷಾಶಾಲೆ ತೆರೆಯಿತು. ಬಿಸಿನೀರ ಬುಗ್ಗೆಗಳ ಬೆಪ್ಪು ನಗರ ಮತ್ತು ಓಯಿತಾ ಪ್ರಾಂತದ ನೆರವಿನಿಂದ 2000ದಲ್ಲಿ ರಿತ್ಸುಮೆಯ್ಕಾನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯ ಬಂತು. ಅಲ್ಲಿ ಸುಮಾರು ಅರ್ಧದಷ್ಟು ವಿದ್ಯಾರ್ಥಿಗಳು ಹೊರದೇಶದವರು. ಹಬ್ಬಗಳಲ್ಲಿ, ಸಾರ್ವಜನಿಕ ಸ್ನಾನಗೃಹಗಳಲ್ಲಿ ಅವರು ಊರವರೇ ಆಗಿಹೋದರು. ಓದು ಮುಗಿಸಿ ಅಲ್ಲೇ ನೆಲೆಸಿದವರ ವಿಷಯ ಅಷ್ಟು ಸಲೀಸಾಗಲಿಲ್ಲ. ಬಹುಪಾಲು ಶವಗಳನ್ನು ಸುಡುವ ಆ ದೇಶದಲ್ಲಿ ಮುಸ್ಲಿಂ ಸಂಘದವರು ನೆರೆಯ ಹಿಜಿ ಪಟ್ಟಣದಲ್ಲಿ ದಫನಭೂಮಿ ಕೇಳಿದಾಗ ನೀರು ಕೆಡುತ್ತದೆಂದು ಸ್ಥಳೀಯರು ತಕರಾರು ತೆಗೆದರು. 2024ರ ಚುನಾವಣೆಯಲ್ಲಿ ಆ ಜಾಗದ ಮಾರಾಟವನ್ನು ವಿರೋಧಿಸಿದ ಅಭ್ಯರ್ಥಿಯೇ ಪಟ್ಟಣದ ಮೇಯರ್ ಆಗಿ ಗೆದ್ದರು.