ಪಟ್ಟಿಯಿಂದ ಬೀದಿಗೆ: ಅಮೆರಿಕದ ಕಪ್ಪು ಜನಪ್ರಿಯ ಸಂಗೀತ ಮತ್ತು ನಾಗರಿಕ ಹಕ್ಕುಗಳ ಕಾಲ

1963ರ ನವೆಂಬರ್ ಕೊನೆಯಲ್ಲಿ ಅಮೆರಿಕದ ಸಂಗೀತ ವ್ಯಾಪಾರದ ವಾರಪತ್ರಿಕೆ ‘ಬಿಲ್‌ಬೋರ್ಡ್’ ತನ್ನ ರಿದಮ್ ಅಂಡ್ ಬ್ಲೂಸ್ ಪಟ್ಟಿಯನ್ನು ನಿಲ್ಲಿಸಿತು. ಕಪ್ಪು ಜನ ಮೆಚ್ಚಿದ ಹಾಡುಗಳ ಪಟ್ಟಿ ಅದು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಣೆಯಾಗಿದ್ದು 1965ರ ಜನವರಿಯಲ್ಲಿ ಮತ್ತೆ ಬಂತು. ಕಪ್ಪು ಕೇಳುಗರು ಕೊಳ್ಳುವ ಹಾಡುಗಳೂ ಬಿಳಿಯ ಹುಡುಗ ಹುಡುಗಿಯರು ಕೊಳ್ಳುವ ಹಾಡುಗಳೂ ಅಷ್ಟೊಂದು ಬೆರೆತುಹೋಗಿದ್ದವು, ಎರಡು ಪಟ್ಟಿ ಬೇಕಿರಲಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಹೋಟೆಲು, ಚಿತ್ರಮಂದಿರಗಳಲ್ಲಿ ವರ್ಣಭೇದ ಸಲ್ಲದೆಂದ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದದ್ದು 1964ರ ಜುಲೈ 2ರಂದು. ಒಟ್ಟಿಗೆ ಕೂತು ಊಟ ಮಾಡುವ ಹಕ್ಕು ಕಾನೂನಾಗುವ ಮೊದಲೇ ರೆಕಾರ್ಡ್ ಅಂಗಡಿಯ ಗೋಡೆ ಬಿದ್ದಿತ್ತು.

ಜನಪ್ರಿಯ ಸಂಗೀತ ಸಮಾಜದ ಕನ್ನಡಿ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಆ ಮಾತನ್ನು ನಂಬಿದವರು ಹಾಡಿನ ಸಾಹಿತ್ಯದಲ್ಲಿ ರಾಜಕೀಯ ಹುಡುಕುತ್ತಾರೆ. ಸಿಕ್ಕರೆ ಪ್ರತಿಭಟನೆಯ ಹಾಡು, ಸಿಗದಿದ್ದರೆ ಬರಿಯ ಮನರಂಜನೆ. ಯಾರು ಯಾವ ಹಾಡನ್ನು ನಿರಾಕರಿಸಿದರು, ಯಾವ ಚರಣಕ್ಕೆ ಕತ್ತರಿ ಬಿತ್ತು, ಯಾವುದನ್ನು ತಡೆಹಿಡಿದು ಯಾರ ಕೈಗೆ ಕೊಟ್ಟರು ಎಂಬ ವ್ಯಾಪಾರದ ತೀರ್ಮಾನಗಳಲ್ಲಿ ಆ ಕಾಲದ ರಾಜಕೀಯ ಇನ್ನೂ ಚೆನ್ನಾಗಿ ಕಾಣುತ್ತದೆ ಎಂಬುದು ಈ ಲೇಖನದ ವಾದ.

1939ರಲ್ಲಿ ಬಿಲ್ಲಿ ಹಾಲಿಡೇ ‘ಸ್ಟ್ರೇಂಜ್ ಫ್ರೂಟ್’ ಹಾಡಿದರು. ಗುಂಪು ಸೇರಿ ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕುವ ಕ್ರೌರ್ಯ ಅದರ ವಸ್ತು. ಬರೆದವರು ನ್ಯೂಯಾರ್ಕಿನ ಯಹೂದಿ ಶಾಲಾ ಶಿಕ್ಷಕ ಏಬೆಲ್ ಮೀರೋಪೋಲ್. ಹಾಲಿಡೇ ಅವರ ಕಂಪನಿ ಕೊಲಂಬಿಯಾ ಅದನ್ನು ಮುದ್ರಿಸಲು ಒಪ್ಪಲಿಲ್ಲ. ಕೊನೆಗೆ ಕಮೋಡೋರ್ ಎಂಬ ಚಿಕ್ಕ ಕಂಪನಿ ಮುಂದೆ ಬಂತು.

ಕಾಲು ಶತಮಾನದ ನಂತರ ಗಾಯಕ ಸ್ಯಾಮ್ ಕುಕ್ ವಿಷಯದಲ್ಲಿ ನಿರಾಕರಣೆ ಹೆಚ್ಚು ನಯವಾಗಿತ್ತು. 1963ರ ಅಕ್ಟೋಬರಿನಲ್ಲಿ ಲೂಯಿಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಅವರಿಗೆ ಹೋಟೆಲಿನಲ್ಲಿ ಕೋಣೆ ಸಿಗಲಿಲ್ಲ. ಜಗಳವಾಗಿ ಪೊಲೀಸರು ಬಂಧಿಸಿದರು. 1964ರ ಜನವರಿ 30ರಂದು ಅವರು ‘ಎ ಚೇಂಜ್ ಈಸ್ ಗಾನಾ ಕಮ್’ ಹಾಡನ್ನು ಧ್ವನಿಮುದ್ರಿಸಿದರು. ಆಲ್ಬಮ್ಮಿನಲ್ಲಿ ಹಾಡು ಪೂರ್ತಿಯಾಗಿದೆ. ರೇಡಿಯೊಗೆಂದು ಡಿಸೆಂಬರಿನಲ್ಲಿ ಬಿಟ್ಟ ತಟ್ಟೆಯಲ್ಲಿ ಮಾತ್ರ ಒಂದು ಚರಣವಿಲ್ಲ. ಪೇಟೆಗೆ ಹೋದ ಕಪ್ಪು ಮನುಷ್ಯನಿಗೆ ಎದುರಾಗುವ ಬಹಿಷ್ಕಾರವನ್ನು ನೇರವಾಗಿ ಹೇಳುವ ಚರಣವೇ ಅದು. ಆಶಾವಾದವನ್ನು ಉಳಿಸಿಕೊಂಡು ಅದಕ್ಕೆ ಕಾರಣವಾದ ನೋವನ್ನು ತೆಗೆದರು! ತಟ್ಟೆ ಅಂಗಡಿಗೆ ಬರುವ ಹೊತ್ತಿಗೆ ಕುಕ್ ಬದುಕಿರಲಿಲ್ಲ. ಡಿಸೆಂಬರ್ 11ರಂದು ಗುಂಡೇಟಿಗೆ ಬಲಿಯಾಗಿದ್ದರು.

ಇವೆರಡೂ ಬಿಳಿಯರ ಕಂಪನಿಗಳ ಕಥೆ. ಮಾಲೀಕನೇ ಕಪ್ಪು ಮನುಷ್ಯನಾದರೆ ಏನಾಗುತ್ತದೆ ಎಂಬುದಕ್ಕೆ ಡೆಟ್ರಾಯಿಟ್‌ಗೆ ಹೋಗಬೇಕು. ಬೆರ್ರಿ ಗಾರ್ಡಿ ಅಲ್ಲಿನ ಲಿಂಕನ್-ಮರ್ಕ್ಯುರಿ ಕಾರು ಕಾರ್ಖಾನೆಯಲ್ಲಿ ಜೋಡಣೆ ಕೆಲಸ ಮಾಡಿದ್ದವರು. 1959ರಲ್ಲಿ ಕುಟುಂಬದ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ತೆಗೆದು ಕಂಪನಿ ಕಟ್ಟಿದರು. ಅದೇ ಮುಂದೆ ಮೋಟೌನ್ ಆಯಿತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡಿನ 2648ನೇ ನಂಬರಿನ ಮನೆಯೇ ಕಚೇರಿ, ಅದೇ ಸ್ಟುಡಿಯೊ. ವಾರಕ್ಕೊಮ್ಮೆ ಗುಣಮಟ್ಟದ ಸಭೆ ನಡೆಯುತ್ತಿತ್ತು; ಹೊಸ ಹಾಡು ಬಿಡುಗಡೆಗೆ ಯೋಗ್ಯವೇ ಎಂದು ಅಲ್ಲಿ ಮತ ಹಾಕುತ್ತಿದ್ದರು. ಕಾರಿನ ರೇಡಿಯೊದಲ್ಲಿ ಹೇಗೆ ಕೇಳುತ್ತದೆಂದು ತಿಳಿಯಲು ಹಾಡನ್ನು ಪುಟ್ಟ ಸ್ಪೀಕರಿನಲ್ಲಿ ಹಾಕಿ ನೋಡುತ್ತಿದ್ದರು. ಕಾರು ಮಾಡುವ ಊರಿನವರು ಕಾರಿನಲ್ಲಿ ಕೇಳುವ ಸಂಗೀತ ಮಾಡಿದರು. ಬಿಳಿಯರ ಮಕ್ಕಳೂ ಕೊಳ್ಳಬೇಕೆಂಬುದು ಗಾರ್ಡಿಯವರ ಲೆಕ್ಕ. ‘ಯುವ ಅಮೆರಿಕದ ದನಿ’ ಎಂದು ಕಂಪನಿ ತನ್ನನ್ನು ಕರೆದುಕೊಂಡಾಗ ಬಣ್ಣದ ಮಾತೇ ಇರಲಿಲ್ಲ.

ಅದೇ ಕಂಪನಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣವನ್ನೂ ಮಾರಿತು. 1963ರ ಜೂನ್ 23ರಂದು ಡೆಟ್ರಾಯಿಟ್‌ನಲ್ಲಿ ನಡೆದ ಬೃಹತ್ ಮೆರವಣಿಗೆಯ ಮುಂದಾಳುಗಳಲ್ಲಿ ಗಾಯಕಿ ಅರೀತಾ ಫ್ರಾಂಕ್ಲಿನ್ ಅವರ ತಂದೆ, ಪಾದ್ರಿ ಸಿ. ಎಲ್. ಫ್ರಾಂಕ್ಲಿನ್ ಒಬ್ಬರು. ವಾಷಿಂಗ್ಟನ್ನಿನಲ್ಲಿ ಎರಡು ತಿಂಗಳ ನಂತರ ಜಗತ್ತು ಕೇಳಿದ ಕನಸಿನ ಮಾತಿನ ಮೊದಲಿನ ರೂಪವನ್ನು ಕಿಂಗ್ ಅಂದು ಇಲ್ಲಿ ಆಡಿದ್ದರು. ಗಾರ್ಡಿ ಅದನ್ನು ಮುದ್ರಿಸಿ ತಟ್ಟೆಯಾಗಿ ಹೊರತಂದರು. ಭಾಷಣಕ್ಕೆ ಜಾಗವಿತ್ತು, ಪಾಪ್ ಹಾಡಿನಲ್ಲಿ ಮಾತ್ರ ರಾಜಕೀಯ ಬೇಡವಾಗಿತ್ತು.

ಆದರೆ ಹಾಡಿನ ಅರ್ಥವನ್ನು ಕಂಪನಿಯೊಂದೇ ತೀರ್ಮಾನಿಸಲಾಗಲಿಲ್ಲ. 1964ರ ಬೇಸಿಗೆಯಲ್ಲಿ ಮಾರ್ಥಾ ಅಂಡ್ ದಿ ವ್ಯಾಂಡೆಲ್ಲಾಸ್ ತಂಡದ ‘ಡ್ಯಾನ್ಸಿಂಗ್ ಇನ್ ದ ಸ್ಟ್ರೀಟ್’ ಬಂತು. ಅದು ಕುಣಿಯಲು ಕರೆಯುವ ಹಾಡು, ಅಷ್ಟೇ ಎಂದು ಗಾಯಕಿ ಮಾರ್ಥಾ ರೀವ್ಸ್ ಹೇಳುತ್ತಲೇ ಬಂದಿದ್ದಾರೆ. ಆ ಮಾತನ್ನು ಅನುಮಾನಿಸಲು ಕಾರಣವಿಲ್ಲ. ಆದರೂ ಊರೂರಿನಲ್ಲಿ ಗಲಭೆಗಳಾದ ಮುಂದಿನ ಬೇಸಿಗೆಗಳಲ್ಲಿ ಕೇಳುಗರು ಅದರಲ್ಲಿ ಬೀದಿಗಿಳಿಯುವ ಕರೆಯನ್ನು ಕಂಡರು. 1967ರ ಜುಲೈ 23ರ ನಸುಕಿನಲ್ಲಿ ಡೆಟ್ರಾಯಿಟ್ ಪೊಲೀಸರು ಅಕ್ರಮ ಮದ್ಯದ ಅಡ್ಡೆಯೊಂದರ ಮೇಲೆ ದಾಳಿ ಮಾಡಿದಾಗ ಊರಿಗೆ ಕಿಚ್ಚು ಹತ್ತಿತು. 43 ಜನ ಸತ್ತರು. ಆ ದಿನ ಊರಿನ ಫಾಕ್ಸ್ ಥಿಯೇಟರಿನಲ್ಲಿ ಹಾಡುತ್ತಿದ್ದ ರೀವ್ಸ್ ಅವರೇ ಪ್ರೇಕ್ಷಕರಿಗೆ ಸುದ್ದಿ ತಿಳಿಸಿ ಮನೆಗೆ ಕಳಿಸಬೇಕಾಯಿತು. ಸಾಹಿತ್ಯವನ್ನಷ್ಟೇ ಓದುವ ವಿಮರ್ಶಕನಿಗೆ 1964ರ ಹಾಡೂ 1967ರ ಹಾಡೂ ಒಂದೇ. ಕೇಳಿದವರಿಗೆ ಹಾಗಿರಲಿಲ್ಲ.

1968ರ ಏಪ್ರಿಲಿನಲ್ಲಿ ಕಿಂಗ್ ಹತ್ಯೆಯಾದ ಮೇಲೆ ಸುತ್ತುಬಳಸಿನ ಮಾತಿಗೆ ಜಾಗ ಕಡಿಮೆಯಾಯಿತು. ಅದೇ ಆಗಸ್ಟಿನಲ್ಲಿ ಜೇಮ್ಸ್ ಬ್ರೌನ್ ಕಪ್ಪು ಬಣ್ಣದ ಹೆಮ್ಮೆಯನ್ನು ಬಹಿರಂಗವಾಗಿ ಸಾರುವ ಹಾಡು ಮುದ್ರಿಸಿದರು, ಮಕ್ಕಳ ಕೈಲಿ ಪಲ್ಲವಿ ಕೂಗಿಸಿದರು. ಅದು ರಿದಮ್ ಅಂಡ್ ಬ್ಲೂಸ್ ಪಟ್ಟಿಯ ತುದಿಗೇರಿತು. ಬಿಳಿಯ ಕೇಳುಗರನ್ನು ಅದರಿಂದ ಕಳೆದುಕೊಂಡೆನೆಂದು ಬ್ರೌನ್ ಆಮೇಲೆ ಹೇಳಿಕೊಂಡರು. ಇದೇ ಬ್ರೌನ್ 1972ರಲ್ಲಿ ಅಧ್ಯಕ್ಷ ನಿಕ್ಸನ್ ಅವರನ್ನು ಬೆಂಬಲಿಸಿದರೆಂಬುದನ್ನೂ ಮರೆಯುವಂತಿಲ್ಲ. ಹಾಡು ಒಂದು ಕಡೆ, ಹಾಡಿದವನ ಮತ ಇನ್ನೊಂದು ಕಡೆ ಇರಬಹುದು.

ಮೋಟೌನ್ ಬಗ್ಗಿದ್ದು ನಿಧಾನವಾಗಿ. 1970ರಲ್ಲಿ ಟೆಂಪ್ಟೇಷನ್ಸ್ ತಂಡ ಹಾಡಿದ್ದ ಯುದ್ಧವಿರೋಧಿ ಹಾಡು ‘ವಾರ್’ ಅನ್ನು ಪ್ರತ್ಯೇಕ ತಟ್ಟೆಯಾಗಿ ಬಿಡಲು ಕಂಪನಿ ಹಿಂಜರಿಯಿತು. ಹೆಸರುವಾಸಿ ತಂಡ ತನ್ನ ಕೇಳುಗರನ್ನು ಕಳೆದುಕೊಂಡರೆ ಎಂಬ ಭಯ. ಅಷ್ಟೇನೂ ಹೆಸರಿಲ್ಲದ ಎಡ್ವಿನ್ ಸ್ಟಾರ್ ಕೈಲಿ ಮತ್ತೆ ಹಾಡಿಸಿದರು. ಅದು ದೇಶದ ಮೊದಲನೇ ಸ್ಥಾನಕ್ಕೆ ಹೋಯಿತು. ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಹುಟ್ಟಿದ್ದು, 1969ರಲ್ಲಿ ಬರ್ಕ್‌ಲಿಯಲ್ಲಿ ಯುವಕರ ಮೇಲೆ ಪೊಲೀಸರು ಬೀಸಿದ ಲಾಠಿಯನ್ನು ಕಣ್ಣಾರೆ ಕಂಡ ಫೋರ್ ಟಾಪ್ಸ್ ತಂಡದ ಓಬಿ ಬೆನ್ಸನ್ ಮನಸ್ಸಿನಲ್ಲಿ. ಗೇ ಅವರ ತಮ್ಮ ವಿಯೆಟ್ನಾಮಿನಿಂದ ಮರಳಿ ಹೇಳಿದ ಸಂಗತಿಗಳೂ ಹಾಡಿಗೆ ಸೇರಿಕೊಂಡವು. ಗಾರ್ಡಿ ಹಾಡನ್ನು ಇಷ್ಟಪಡಲಿಲ್ಲ. ಅದು ಹೊರಬರುವ ತನಕ ಬೇರೇನೂ ಹಾಡುವುದಿಲ್ಲವೆಂದು ಗೇ ಹಟ ಹಿಡಿದರು. 1971ರ ಜನವರಿಯಲ್ಲಿ ಅದು ಹೊರಬಂದು ಜನ ಮುಗಿಬಿದ್ದು ಕೊಂಡ ಮೇಲೆ ಅದೇ ಗಾರ್ಡಿ ಇಡೀ ಆಲ್ಬಮ್ ಬೇಕೆಂದರು. ಮೇ ತಿಂಗಳಲ್ಲಿ ಬಂದ ಆ ಆಲ್ಬಮ್ಮಿನ ಹೊದಿಕೆಯ ಮೇಲೆ, ಅಷ್ಟು ವರ್ಷ ಅನಾಮಧೇಯರಾಗಿ ದುಡಿದ ಮೋಟೌನ್ ವಾದ್ಯಗಾರರ ಹೆಸರುಗಳು ಮೊದಲ ಬಾರಿಗೆ ಅಚ್ಚಾದವು. ಹಾಡಿನ ರಾಜಕೀಯದಷ್ಟೇ ಮುಖ್ಯವಾದ ರಾಜಕೀಯವಿದು. ದುರದೃಷ್ಟವೆಂದರೆ ಮರುವರ್ಷವೇ ಕಂಪನಿ ಲಾಸ್ ಏಂಜಲೀಸಿಗೆ ಗುಳೆ ಹೋಯಿತು. ಆ ವಾದ್ಯಗಾರರಲ್ಲಿ ಹೆಚ್ಚಿನವರು ಹಿಂದೆಯೇ ಉಳಿದರು.

ಹಾಡು ಬದಲಾವಣೆಯನ್ನು ತೋರಿಸಿ ಸುಮ್ಮನಾಗದೆ ಅದಕ್ಕಾಗಿ ದುಡಿದ ನಿದರ್ಶನವೂ ಇದೇ ಕಂಪನಿಯದು. ಕಿಂಗ್ ಜನ್ಮದಿನ ರಾಷ್ಟ್ರೀಯ ರಜಾದಿನವಾಗಬೇಕೆಂದು ಸ್ಟೀವಿ ವಂಡರ್ ‘ಹ್ಯಾಪಿ ಬರ್ತ್‌ಡೇ’ ಬರೆದರು. 1980ರ ಅವರ ಆಲ್ಬಮ್ಮಿನಲ್ಲಿ ಅದಿದೆ. ಹಾಡಿ ಕೂರದೆ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿಸಿದರು, ಕಿಂಗ್ ಅವರ ಪತ್ನಿ ಕೊರೆಟ್ಟಾ ಜೊತೆ ಮನವಿ ಒಪ್ಪಿಸಿದರು. 1983ರ ನವೆಂಬರ್ 2ರಂದು ಅಧ್ಯಕ್ಷ ರೇಗನ್ ಮಸೂದೆಗೆ ಸಹಿ ಹಾಕಿದರು. ಮೊದಲ ರಜೆ ಬಂದದ್ದು 1986ರ ಜನವರಿ 20ರಂದು.