ಹಳಿಯಾಳದ ಗಡಿಯಲ್ಲಿ ನಿಂತ ಇಂಗ್ಲಿಷ್: ಮಿಷನರಿ ಶಿಕ್ಷಕರ ಚರಿತ್ರೆಯ ಮರುಪರಿಶೀಲನೆ

ಕನ್ನಡನಾಡಿಗೆ ಇಂಗ್ಲಿಷ್ ಕಲಿಸಿದವರು ಕಡಲಾಚೆಯಿಂದ ಬಂದ ಕ್ರೈಸ್ತ ಮಿಷನರಿಗಳು ಎಂಬ ಮಾತು ನಮ್ಮ ಶಿಕ್ಷಣ ಚರಿತ್ರೆಯಲ್ಲಿ ಎಷ್ಟು ಬೇರೂರಿದೆಯೆಂದರೆ ಅದನ್ನು ಯಾರೂ ಒರೆಗೆ ಹಚ್ಚಲು ಹೋಗುವುದಿಲ್ಲ. ಒರೆಗೆ ಹಚ್ಚುವುದಕ್ಕೆ ಉತ್ತರ ಕನ್ನಡದ ಕಾಡಿನಂಚಿನ ಹಳಿಯಾಳ, ಸೂಪಾ, ಮುಂಡಗೋಡ ತಾಲೂಕುಗಳು ತಕ್ಕ ಜಾಗ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಧಾರವಾಡದಿಂದ ಹಳಿಯಾಳ ಎತ್ತಿನ ಗಾಡಿಗೆ ಒಂದೆರಡು ದಿನದ ದಾರಿ. ಹುಬ್ಬಳ್ಳಿಗೂ ಮುಂಡಗೋಡಕ್ಕೂ ಹೆಚ್ಚುಕಡಿಮೆ ಅಷ್ಟೇ ಅಂತರ. ಆದರೂ ಬಯಲುಸೀಮೆಯಲ್ಲಿ ಒಂದರ ಹಿಂದೊಂದು ಎದ್ದ ಮಿಷನ್ ಕೇಂದ್ರಗಳ ಸಾಲು ಈ ಕಾಡಿನ ಹೊಸ್ತಿಲಲ್ಲೇ ನಿಂತುಬಿಟ್ಟಿತು. ಈ ನಿಲುಗಡೆಯ ಕಾರಣವನ್ನು ಹುಡುಕಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮಿಷನ್ನಿನ ಇಂಗ್ಲಿಷ್ ಶಾಲೆ ಸರಕಾರಿ ಕಚೇರಿಯ ಬೆನ್ನು ಹಿಡಿದು ಹೋಯಿತು, ಕಚೇರಿಯ ಕೆಲಸಕ್ಕೆ ಆಳು ಬೇಡವಾದ ಕಡೆ ಅದು ಕಾಲಿಡಲಿಲ್ಲ.

ಮೊದಲು ಆ ಶಿಕ್ಷಕರು ಯಾರೆಂದು ನೋಡಬೇಕು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಜರ್ಮನಿಯ ವ್ಯುರ್ಟೆಂಬರ್ಗಿನವನು. 1836ರಲ್ಲಿ ಮಂಗಳೂರಿಗೆ ಬಂದ ಆತನ ಮನಸ್ಸು ನೆಟ್ಟದ್ದು ಕನ್ನಡದಲ್ಲಿ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯೂ ಮುಂದಿನ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯೂ ಅದಕ್ಕೆ ಸಾಕ್ಷಿ. ಶಾಲಾ ಮಕ್ಕಳಿಗಾಗಿ 1876ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದ ಜೀಗ್ಲರ್, 1894ರ ಮಹಾನಿಘಂಟಿನ ಕಿಟೆಲ್, ಇವರೂ ಜರ್ಮನ್ನರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಜೆಸ್ವಿಟರಲ್ಲಿ ಹೆಚ್ಚಿನವರು ಇಟಲಿಯವರು. ತಮ್ಮ ತಾಯ್ನುಡಿಯಲ್ಲದ ಇಂಗ್ಲಿಷನ್ನು ಇವರೆಲ್ಲ ಮೊದಲು ತಾವು ಕಲಿತು, ಆಮೇಲೆ ಇನ್ನೊಬ್ಬರಿಗೆ ಕಲಿಸಿದರು. ಇಂಗ್ಲಿಷ್ ಸಂಸ್ಕೃತಿಯ ಮೇಲಿನ ಅಭಿಮಾನ ಇದಕ್ಕೆ ಕಾರಣವೆನ್ನುವುದು ಕಷ್ಟ. ಇಂಗ್ಲಿಷ್ ಓದಿದವರಿಗೆ ಸರಕಾರಿ ನೌಕರಿಯಲ್ಲಿ ಆದ್ಯತೆ ಎಂಬ 1844ರ ಹಾರ್ಡಿಂಜ್ ನಿರ್ಣಯ, ಖಾಸಗಿ ಶಾಲೆಗಳಿಗೆ ಸಹಾಯಧನದ ಬಾಗಿಲು ತೆರೆದ 1854ರ ವುಡ್ ನಿರೂಪ, ಇವೆರಡರ ನಡುವೆ ತಂದೆತಾಯಂದಿರು ಕೇಳುತ್ತಿದ್ದುದು ಇಂಗ್ಲಿಷನ್ನೇ. ಬೈಬಲ್ ಕೇಳಿಸಬೇಕೆಂದಿದ್ದವರು ಇಂಗ್ಲಿಷ್ ಕಲಿಸಲೇಬೇಕಾಯಿತು.

ಕಾಡಿನ ಜ್ವರಕ್ಕೆ ಹೆದರಿ ಮಿಷನರಿಗಳು ಹಳಿಯಾಳ–ಸೂಪಾಗಳತ್ತ ಸುಳಿಯಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಸೂಪಾ ಸೀಮೆಯ ಮಲೇರಿಯಾ ನಿಜವೇ. ಆದರೆ ಕೊಡಗಿನ ಕಾಡಿನಲ್ಲಿ ಜ್ವರವಿರಲಿಲ್ಲವೇ? ಅಲ್ಲಿಗೆ 1850ರ ದಶಕದಲ್ಲಿ ಮೋಗ್ಲಿಂಗನೇ ಹೋದ. ಅವನ ಹಿಂದೆ ಹೋದ ಬಾಸೆಲ್ಲಿನ ರಿಕ್ಟರ್ ಮಡಿಕೇರಿಯ ಸರಕಾರಿ ಶಾಲೆಯ ಮುಖ್ಯಸ್ಥನಾದ, 1870ರಲ್ಲಿ ಕೊಡಗಿನ ಕೈಪಿಡಿಯನ್ನೂ ಬರೆದ. ಮಡಿಕೇರಿಯಲ್ಲಿ ಬ್ರಿಟಿಷ್ ಆಡಳಿತವಿತ್ತು, ಕಾಫಿ ತೋಟದ ದೊರೆಗಳಿದ್ದರು, ಗುಮಾಸ್ತರು ಬೇಕಾಗಿದ್ದರು. ಹಳಿಯಾಳ–ಸೂಪಾಗಳ ಕಾಳಿ ನದಿ ಕಣಿವೆಯಲ್ಲಿ ಇದ್ದದ್ದು ತೇಗ. ಅದನ್ನು ಕಡಿದು ಸಾಗಿಸುವುದಕ್ಕೆ ಕುಣಬಿ, ಗೌಳಿ, ಸಿದ್ದಿ ಜನರ ಮೈಬಲ ಸಾಕಾಗಿತ್ತು. ಅವರು ಓದು ಕಲಿಯಬೇಕೆಂದು ಅರಣ್ಯ ಇಲಾಖೆಗೆ ಅನಿಸಲಿಲ್ಲ. ಜ್ವರದ ವಾದ ಇನ್ನೊಂದು ಕಡೆಯಿಂದಲೂ ಬೀಳುತ್ತದೆ. ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದ ಆಫ್ರಿಕನ್ ಮೂಲದ ಸಿದ್ದಿಗಳಲ್ಲಿ ಹಳಿಯಾಳ, ಮುಂಡಗೋಡ ಭಾಗದ ಅನೇಕರು ಕೆಥೋಲಿಕರು. ಗೋವೆಯ ಪಾದ್ರಿಗಳು ಇದೇ ಜ್ವರದ ನಾಡಿನಲ್ಲಿ ಅವರಿಗಾಗಿ ಬಲಿಪೂಜೆ ಅರ್ಪಿಸುತ್ತಿದ್ದರು. ಆದರೆ ಆ ಪಾದ್ರಿಗಳ ಭಾಷೆ ಕೊಂಕಣಿ, ಅವರ ಮೇಲಧಿಕಾರ ಪೋರ್ಚುಗೀಸ್ ಗೋವೆಯದು. ಮಿಷನ್ ಬಂತು, ಇಂಗ್ಲಿಷ್ ಬರಲಿಲ್ಲ. ಎರಡೂ ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಇಂಗ್ಲಿಷ್ ಶಾಲೆ ಮತಾಂತರದ ಬಲೆಯಾಗಿತ್ತು, ನೌಕರಿಯ ಮಾತು ಬರಿಯ ನೆಪ ಎಂಬುದು ಅದು. ಉದ್ದೇಶವನ್ನು ಮಿಷನ್ ಎಂದೂ ಮುಚ್ಚಿಟ್ಟಿರಲಿಲ್ಲ. ಮಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತು. ಆತ ಬಾಸೆಲ್ಲಿಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದ. ಆದರೆ ಇಂಥ ಹೆಸರುಗಳನ್ನು ಚರಿತ್ರೆ ಇಷ್ಟು ಸ್ಪಷ್ಟವಾಗಿ ನೆನಪಿಟ್ಟಿರುವುದೇ ಅವು ವಿರಳವಾಗಿದ್ದವೆಂಬ ಕಾರಣಕ್ಕೆ. ಇಂಗ್ಲಿಷ್ ತರಗತಿಯಲ್ಲಿ ಕೂತ ಮೇಲ್ಜಾತಿಯ ಹುಡುಗರು ಬಹುಪಾಲು ಇಂಗ್ಲಿಷ್ ಕಲಿತರು, ನೌಕರಿ ಹಿಡಿದರು, ತಮ್ಮ ಧರ್ಮದಲ್ಲೇ ಉಳಿದರು. ಬಾಸೆಲ್ ಸಭೆಗಳು ಬೆಳೆದದ್ದು ಬೇರೆ ಜಾತಿಗಳಲ್ಲಿ, ಕನ್ನಡ–ತುಳು ಉಪದೇಶದಿಂದ, ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳ ಸುತ್ತ. ಮತಾಂತರವೇ ಇಂಗ್ಲಿಷಿನ ಫಲವಾಗಿದ್ದರೆ ದುರ್ಬಲರಾದ ಸಿದ್ದಿ, ಕುಣಬಿಗಳ ಹಟ್ಟಿಗೇ ಮೊದಲ ಇಂಗ್ಲಿಷ್ ಶಾಲೆ ಬರಬೇಕಿತ್ತು.

ಇಪ್ಪತ್ತನೆಯ ಶತಮಾನ ಈ ವಾದವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. 1914ರ ಯುದ್ಧದಲ್ಲಿ ಜರ್ಮನ್ ಮಿಷನರಿಗಳು ಸೆರೆಯಾಗಿ ದೇಶ ಬಿಟ್ಟರು. ಸ್ವಾತಂತ್ರ್ಯಾನಂತರ, 1950ರ ದಶಕದಿಂದ, ವಿದೇಶಿ ಮಿಷನರಿಗಳ ವೀಸಾ ಬಿಗಿಯಾಯಿತು. ಅಂದರೆ ಹೊರದೇಶದ ಶಿಕ್ಷಕ ಮರೆಯಾಗುವ ಹೊತ್ತಿಗೇ ಈ ಕಾಡಿನ ತಾಲೂಕುಗಳಲ್ಲಿ ಇಂಗ್ಲಿಷಿನ ಬೇಡಿಕೆ ಹುಟ್ಟಿತು. 1955ರಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ದಾಂಡೇಲಿಗೆ ಬಂತು, ಕಾರ್ಮಿಕರೂ ಅಧಿಕಾರಿಗಳೂ ಬಂದರು, ಅವರ ಮಕ್ಕಳಿಗೆ ಕಾನ್ವೆಂಟ್ ಬೇಕಾಯಿತು. ಆಮೇಲೆ ಕಾಳಿಗೆ ಅಣೆಕಟ್ಟು ಬಂದು ಸೂಪಾ ಊರು ಮುಳುಗಿತು, ಜೋಯಿಡಾ ತಾಲೂಕು ಕೇಂದ್ರವಾಯಿತು. 1976ರಲ್ಲಿ ಕಾರವಾರ ಪ್ರತ್ಯೇಕ ಕೆಥೋಲಿಕ್ ಧರ್ಮಪ್ರಾಂತವಾಯಿತು. ಮುಂಡಗೋಡದ ಲೊಯೋಲ ವಿಕಾಸ ಕೇಂದ್ರದ ಜೆಸ್ವಿಟರು ಸಿದ್ದಿಗಳ ನಡುವೆ ಶಿಕ್ಷಣ, ಸಂಘಟನೆಯ ಕೆಲಸಕ್ಕಿಳಿದಾಗ ಅವರು ಕರ್ನಾಟಕದವರೇ. ಹೊರದೇಶದವರಿಗೆ ಇಲ್ಲಿ ದಾರಿ ಈಗಲೂ ಸಲೀಸಲ್ಲ: ಅದೇ ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರ ವಸತಿಗೆ ವಿದೇಶಿಯರು ಬರಬೇಕೆಂದರೆ ಇಂದಿಗೂ ಕೇಂದ್ರ ಗೃಹ ಇಲಾಖೆಯ ವಿಶೇಷ ಅನುಮತಿ ಬೇಕು.

ಆದ್ದರಿಂದ ಈ ಕಾಡಿನಂಚಿನ ಊರುಗಳ ಇಂಗ್ಲಿಷಿನ ಚರಿತ್ರೆಯನ್ನು ಬಾಸೆಲ್ಲಿನ ದಫ್ತರಖಾನೆಯಿಂದ ಮಾತ್ರ ಬರೆಯಲಾಗದು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಚರ್ಚು ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಯಾರ ಮಕ್ಕಳು ಯಾವ ವರ್ಷ ಸೇರಿದರು, ಯಾವ ತರಗತಿಗೆ ಬಿಟ್ಟರು ಎಂಬ ವಿವರವಿರುತ್ತದೆ. ಧಾರವಾಡದ ಸಂಶೋಧಕರು ಅವನ್ನು ಗೆದ್ದಲು ತಿನ್ನುವ ಮೊದಲು ಓದಬೇಕು.